ಪೇಸ್‌ಮೇಕರ್‌ಗೆ ಸೋಂಕು ತಗುಲಿದೆಯಾ? ಮಾತ್ರೆ ನುಂಗುವ ಮೊದಲು ನೋಡಬೇಕಾದದ್ದು

ಎದೆಯಲ್ಲಿ ಪೇಸ್‌ಮೇಕರ್ ಇದೆ. ಇಟ್ಟು ಆರು ತಿಂಗಳಾಗಿರಬಹುದು, ಆರು ವರ್ಷವೂ ಆಗಿರಬಹುದು. ಈಗ ಆ ಜಾಗ ಸ್ವಲ್ಪ ಕೆಂಪಾಗಿದೆ. ಇಲ್ಲವೇ ಜಾಗ ಚೆನ್ನಾಗಿಯೇ ಇದೆ, ಜ್ವರ ಮಾತ್ರ ಬಂದು ಬಂದು ಹೋಗುತ್ತಿದೆ. ಇದು ಯಂತ್ರಕ್ಕೆ ತಗುಲಿದ ಸೋಂಕೋ, ಬೇರೆ ಏನಾದರೂ ಇದೆಯೋ?

ನಾನು ಪೇಸ್‌ಮೇಕರ್ ತಪಾಸಣೆ ಮಾಡುವ ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಆದರೆ ಇಂಥವರು ಮೊದಲು ಬಂದು ಕೂರುವುದು ನಮ್ಮ ಮುಂದೆಯೇ. ಹೆಚ್ಚಿನವರು ಬರುವಷ್ಟರಲ್ಲಿ ಒಂದು ಸುತ್ತು ಆಂಟಿಬಯಾಟಿಕ್ ಮುಗಿಸಿರುತ್ತಾರೆ. ಕೆಂಪು ಇಳಿದಿರುತ್ತದೆ, ಜ್ವರ ನಿಂತಿರುತ್ತದೆ. ಎಲ್ಲರಿಗೂ ಸಮಾಧಾನ. ಎರಡು ಮೂರು ವಾರ ಕಳೆದ ಮೇಲೆ ಅದೇ ತೊಂದರೆ ವಾಪಸ್. ಈ ಬಾರಿ ಪತ್ತೆ ಹಚ್ಚುವುದು ಮೊದಲಿಗಿಂತ ಕಷ್ಟ, ಯಾಕೆಂದರೆ ಅರ್ಧಂಬರ್ಧ ಔಷಧಿ ಸುಳಿವುಗಳನ್ನೆಲ್ಲ ಒರೆಸಿ ಹಾಕಿರುತ್ತದೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಒಂದೇ ವಿಷಯದ ಸುತ್ತ: ಔಷಧಿಗೆ ಮೊದಲು ಏನೇನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು. ಮನೆಯವರಿಗೂ ಉಪಯೋಗಕ್ಕೆ ಬರಲಿ, ತಾಲ್ಲೂಕು ಮಟ್ಟದಲ್ಲಿ ಮೊದಲು ನೋಡುವ ಡಾಕ್ಟರು, ನರ್ಸುಗಳಿಗೂ ಬರಲಿ ಅಂತ ಬರೆದಿದ್ದೇನೆ.

ಸೋಂಕು ಎಲ್ಲಿ ಕೂರುತ್ತದೆ

ಪೇಸ್‌ಮೇಕರ್ ಅಂದರೆ ಎರಡು ಭಾಗ. ಕಾಲರ್ ಮೂಳೆಯ ಕೆಳಗೆ, ಚರ್ಮದಡಿ ಒಂದು ಜೇಬಿನಂಥ ಜಾಗ ಮಾಡಿ ಇಟ್ಟ ಲೋಹದ ಡಬ್ಬಿ ಒಂದು. ಆ ಜೇಬಿಗೆ ಪಾಕೆಟ್ ಅನ್ನುತ್ತಾರೆ. ಅಲ್ಲಿಂದ ರಕ್ತನಾಳದ ಒಳಗೇ ಸಾಗಿ ಹೃದಯದ ಬಲಭಾಗಕ್ಕೆ ಮುಟ್ಟುವ ತಂತಿಗಳು ಇನ್ನೊಂದು. ಇವುಗಳಿಗೆ ಲೀಡ್ ಅನ್ನುತ್ತಾರೆ. ಶಾಕ್ ಕೊಡುವ ಐಸಿಡಿ ಮತ್ತು ಮೂರು ಲೀಡಿನ ಸಿಆರ್‌ಟಿ ಯಂತ್ರಗಳ ಕಟ್ಟುಪಾಡೂ ಸಾಧಾರಣವಾಗಿ ಹೀಗೇ.

ಬ್ಯಾಕ್ಟೀರಿಯಾ ಒಳಗೆ ಬರುವುದು ಎರಡು ದಾರಿಯಲ್ಲಿ. ಒಂದು, ಆಪರೇಷನ್ ದಿನವೇ ರೋಗಿಯ ಚರ್ಮದ ಮೇಲಿದ್ದದ್ದು ಪಾಕೆಟ್ಟಿಗೆ ಇಳಿಯುತ್ತದೆ. ಇನ್ನೊಂದು, ಆಮೇಲೆ ಯಾವಾಗಲೋ ದೇಹದ ಬೇರೆ ಕಡೆಯ ಸೋಂಕು ರಕ್ತದ ಮೂಲಕ ಲೀಡಿಗೆ ಬಂದು ಅಂಟುತ್ತದೆ. ಡಯಾಲಿಸಿಸ್ ಕ್ಯಾತಿಟರ್, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಕೈಯಲ್ಲಿ ದಿನಗಟ್ಟಲೆ ಉಳಿದ ಡ್ರಿಪ್ ಸೂಜಿ, ಹೀಗೆ ಎಲ್ಲಿಂದಲಾದರೂ. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಸಿಗುವುದು ಸ್ಟ್ಯಾಫಿಲೊಕಾಕಸ್ ಜಾತಿ. ಅದರಲ್ಲಿ ಆರಿಯಸ್ ಜೋರಿನದು, ತೀವ್ರ ಜ್ವರ ತರುತ್ತದೆ. ಎಪಿಡರ್ಮಿಡಿಸ್ ಮತ್ತು ಅದರ ಬಳಗದವು ನಮ್ಮೆಲ್ಲರ ಚರ್ಮದ ಮೇಲೆ ಸುಮ್ನೆ ಇರುವಂಥವು. ಯಂತ್ರದ ಮೇಲೆ ಕೂತರೆ ತಿಂಗಳುಗಟ್ಟಲೆ ಸದ್ದಿಲ್ಲದೆ ಇರುತ್ತವೆ.

ಇವು ಲೋಹ, ಪ್ಲಾಸ್ಟಿಕ್ಕಿಗೆ ಅಂಟಿಕೊಂಡ ಮೇಲೆ ತಮ್ಮ ಸುತ್ತ ಒಂದು ಲೋಳೆ ಪದರ ಕಟ್ಟಿಕೊಳ್ಳುತ್ತವೆ. ಬಯೋಫಿಲ್ಮ್ ಅಂದರೆ ಇದೇ. ಮನೆಯ ನೀರಿನ ತೊಟ್ಟಿಯ ಒಳಗೋಡೆಗೆ ಹಿಡಿಯುವ ಲೋಳೆ ನೋಡಿದ್ದೀರಲ್ವಾ? ಮೇಲೆ ಎಷ್ಟು ನೀರು ಹರಿಸಿದರೂ ಅದು ಹೋಗುವುದಿಲ್ಲ. ರಕ್ತದಲ್ಲಿ ತೇಲುವ ಬ್ಯಾಕ್ಟೀರಿಯಾವನ್ನು ಆಂಟಿಬಯಾಟಿಕ್ ಕೊಲ್ಲುತ್ತದೆ, ಅದಕ್ಕೇ ಜ್ವರ ಇಳಿಯುತ್ತದೆ. ಲೋಳೆಯೊಳಗೆ ಕೂತದ್ದು ಹಾಗೇ ಉಳಿಯುತ್ತದೆ. ಕೋರ್ಸ್ ಮುಗಿದ ಮೇಲೆ ಮತ್ತೆ ರಕ್ತಕ್ಕಿಳಿಯುತ್ತದೆ.

ಮೊದಲು ಅಂಗಿ ಬಿಚ್ಚಿ ನೋಡಿ

ಹೇಳಲೇ ಸಂಕೋಚ, ಆದರೂ ಹೇಳುತ್ತೇನೆ. ಜ್ವರ ಅಂತ ಹೋದವರ ಎದೆಯ ಆ ಜಾಗವನ್ನು ಯಾರೂ ತೆರೆದು ನೋಡದೇ ಇರುವುದು ತುಂಬಾ ಸಾಮಾನ್ಯ. ರೋಗಿಗೂ ಅದು ಸರಿಯಾಗಿ ಕಾಣುವುದಿಲ್ಲ, ಕಾಲರ್ ಮೂಳೆಯ ಕೆಳಗಿನ ಜಾಗ ಕನ್ನಡಿ ಇಲ್ಲದೆ ಪೂರ್ತಿ ಕಾಣದು. ಹೆಂಗಸರಾದರೆ ಗಂಡು ಡಾಕ್ಟರ ಮುಂದೆ ಬ್ಲೌಸ್ ಸರಿಸಲು ನಾಚಿಕೆ. ಮನೆಯವರು ಯಾರಾದರೂ ಹಗಲು ಬೆಳಕಿನಲ್ಲಿ, ಕಿಟಕಿ ಹತ್ತಿರ ಕೂರಿಸಿ ನೋಡಬೇಕು. ಇನ್ನೊಂದು ಬದಿಯ ಎದೆಯನ್ನೂ ಪಕ್ಕದಲ್ಲೇ ಹೋಲಿಸಬೇಕು.

ನೋಡಬೇಕಾದದ್ದು ಕೆಂಪು, ಊತ, ಬಿಸಿ, ನೋವು, ತೇವ. ಇವುಗಳ ಜೊತೆ ಇನ್ನೊಂದನ್ನು ಜನ ಮರೆಯುತ್ತಾರೆ: ಚರ್ಮ ಡಬ್ಬಿಗೆ ಅಂಟಿದೆಯಾ ಅಂತ. ಎರಡು ಬೆರಳಲ್ಲಿ ಚರ್ಮವನ್ನು ಮೆಲ್ಲಗೆ ಚಿವುಟಿ ಎತ್ತಿ. ಡಬ್ಬಿಯ ಮೇಲೆ ಅದು ಸಲೀಸಾಗಿ ಜರುಗಬೇಕು. ಅಂಟಿಕೊಂಡಿದ್ದರೆ, ತೆಳ್ಳಗಾಗಿ ಹೊಳೆಯುತ್ತಿದ್ದರೆ, ನೀಲಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಒಳಗಿನಿಂದ ಸವೆಯುತ್ತಿದೆ ಅಂತ ಅರ್ಥ. ನೋವೇ ಇರದಿದ್ದರೂ ಅದೇ ವಾರ ತೋರಿಸಬೇಕು.

ಒಂದು ಸಲ ಬ್ಯಾಟರಿ ಚೆಕ್ ಮಾಡಿಸಲು ಬಂದ ಹಿರಿಯರೊಬ್ಬರು. ಜ್ವರ ಇಲ್ಲ, ನೋವಿಲ್ಲ. "ಯಜಮಾನ್ರೇ, ಬನಿಯನ್ ಮೇಲೆ ಇದೇನು ಕಲೆ?" ಅಂದೆ. "ಅದೇನಿಲ್ಲ ಸಾರ್, ಬೆವರು. ಒಗೆದರೂ ಹೋಗಲ್ಲ." ಎಂಟಾಣೆಯಷ್ಟು ಅಗಲದ ಹಳದಿ ಕಲೆ, ಸರಿಯಾಗಿ ಡಬ್ಬಿಯ ಮೂಲೆಯ ಮೇಲೆ. ಬನಿಯನ್ ಎತ್ತಿದರೆ ಸಾಸಿವೆ ಗಾತ್ರದ ಒಂದು ಹಕ್ಕಳೆ. ಅದರ ಅಂಚಿನಲ್ಲಿ ಸಣ್ಣಗೆ ನೀರು ಜಿನುಗುತ್ತಿತ್ತು. ಟಾರ್ಚ್ ಬಿಟ್ಟಾಗ ಹಕ್ಕಳೆಯ ಪಕ್ಕದಲ್ಲಿ ಬೂದು ಬಣ್ಣದ ಮಿಂಚು ಕಂಡಿತು. ಲೋಹ. ಡಬ್ಬಿ ಚರ್ಮ ಕೊರೆದು ಹೊರಗೆ ಬಂದಿತ್ತು. ಯಂತ್ರ ಮಾತ್ರ ನೂರಕ್ಕೆ ನೂರು ಸರಿಯಾಗಿ ಕೆಲಸ ಮಾಡುತ್ತಿತ್ತು.

ಹೀಗೆ ಲೋಹವೋ ತಂತಿಯೋ ಕಣ್ಣಿಗೆ ಕಂಡರೆ ಮುಂದೆ ಪತ್ತೆ ಹಚ್ಚುವುದಕ್ಕೆ ಏನೂ ಉಳಿದಿಲ್ಲ. ಜ್ವರ ಇರಲಿ ಬಿಡಲಿ, ರಕ್ತ ಪರೀಕ್ಷೆ ಏನೇ ಹೇಳಲಿ, ಪೂರ್ತಿ ವ್ಯವಸ್ಥೆಗೆ ಸೋಂಕು ತಗುಲಿದೆ ಅಂತಲೇ ಲೆಕ್ಕ. ಮೇಲೆ ಎರಡು ಹೊಲಿಗೆ ಹಾಕಿ ಮುಚ್ಚುವುದು ರಿಪೇರಿ ಅಲ್ಲ.

ಆಪರೇಷನ್ ಆದ ಹೊಸದರಲ್ಲಿ ಲೆಕ್ಕಾಚಾರ ಬೇರೆ. ಮೊದಲ ಕೆಲವು ದಿನ ಹೊಲಿಗೆಯ ಅಂಚು ತಿಳಿ ಕೆಂಪಾಗಿರುವುದು, ಮುಟ್ಟಿದರೆ ನೋಯುವುದು ಮಾಮೂಲು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ನೀಲಿ ಬಣ್ಣ ತೋಳಿನವರೆಗೂ, ಎದೆಯ ಕೆಳಗಿನವರೆಗೂ ಇಳಿಯಬಹುದು. ನೋಡಲು ಭಯಂಕರ, ಆದರೆ ಬರೀ ಬಣ್ಣ. ದಿನ ಕಳೆದಂತೆ ಎಲ್ಲವೂ ಕಡಿಮೆ ಆಗುತ್ತಾ ಹೋಗಬೇಕು, ಅಷ್ಟೇ ನಿಯಮ. ಕಡಿಮೆಯಾಗಿದ್ದು ಮತ್ತೆ ಜಾಸ್ತಿ ಆದರೆ ಅನುಮಾನ ಪಡಿ. ಬಾಲ್ ಪೆನ್ನಿನಿಂದ ಕೆಂಪಿನ ಅಂಚಿಗೆ ಗೆರೆ ಎಳೆದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಮಾರನೇ ದಿನ ಅದೇ ಹೊತ್ತಿಗೆ ಇನ್ನೊಂದು. ಗೆರೆ ದಾಟಿದೆಯೋ ಇಲ್ಲವೋ ಅನ್ನುವುದರ ಮುಂದೆ "ಸ್ವಲ್ಪ ಜಾಸ್ತಿ ಆದಂಗಿದೆ" ಅನ್ನುವ ಮಾತಿಗೆ ಬೆಲೆ ಕಡಿಮೆ.

ಪಾಕೆಟ್ ಉಬ್ಬಿ ಬಿಗಿಯಾಗಿದ್ದರೆ ಒಳಗೆ ರಕ್ತ ತುಂಬಿರಬಹುದು. ಇದು ಸೋಂಕಲ್ಲ, ಆದರೆ ಸೋಂಕಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ. ಬ್ರೂಸ್ ಕಂಟ್ರೋಲ್ ಅನ್ನುವ ಅಧ್ಯಯನದ ರೋಗಿಗಳಲ್ಲಿ ಹೀಗೆ ದೊಡ್ಡದಾಗಿ ರಕ್ತ ತುಂಬಿದವರಿಗೆ ಮುಂದಿನ ಒಂದು ವರ್ಷದಲ್ಲಿ ಗಂಭೀರ ಸೋಂಕಿನ ಅಪಾಯ ಏಳು ಪಟ್ಟಿಗಿಂತ ಜಾಸ್ತಿ ಇತ್ತು. ಇಲ್ಲಿ ದಯವಿಟ್ಟು ಒಂದು ಕೆಲಸ ಮಾಡಬೇಡಿ, ಮಾಡಲು ಬಿಡಲೂ ಬೇಡಿ: ಸಿರಿಂಜ್ ಚುಚ್ಚಿ ಎಳೆದು ನೋಡುವುದು. ಕೀವೋ ರಕ್ತವೋ ನೋಡೋಣ ಅಂತ ಚುಚ್ಚಿದ ಸೂಜಿಯೇ ಹೊರಗಿನ ಬ್ಯಾಕ್ಟೀರಿಯಾವನ್ನು ಶುದ್ಧವಾಗಿದ್ದ ಪಾಕೆಟ್ಟಿಗೆ ಇಳಿಸಬಹುದು. ಸೂಜಿ ಲೀಡಿನ ಕವಚಕ್ಕೂ ತಾಗಬಹುದು. ಅರಿಶಿನ, ಬೇವಿನ ಎಣ್ಣೆ, ಪೌಡರು ಕೂಡ ಬೇಡ. ಅರಿಶಿನದ ಬಣ್ಣ ಹಿಡಿದ ಮೇಲೆ ಕೆಂಪು ಇದೆಯೋ ಇಲ್ಲವೋ ನೋಡುವವರಿಗೆ ಗೊತ್ತಾಗುವುದೇ ಇಲ್ಲ.

ಹೊಲಿಗೆಯ ಒಂದು ತುದಿಯಲ್ಲಿ ಮಾತ್ರ ಸಣ್ಣ ಗುಳ್ಳೆ, ಸುತ್ತಲೂ ಮೆತ್ತಗಿದೆ, ಪಾಕೆಟ್ಟಿನಲ್ಲಿ ಊತ ಇಲ್ಲ, ಜ್ವರ ಇಲ್ಲ, ಆಪರೇಷನ್ ಆಗಿ ತಿಂಗಳೊಳಗೆ. ಇದು ಮೇಲ್ಮೈ ಸೋಂಕಾಗಿರಬಹುದು. ಬರೀ ಮಾತ್ರೆಯಲ್ಲಿ, 7ರಿಂದ 10 ದಿನದಲ್ಲಿ ಮುಗಿಯುವ ಒಂದೇ ಬಗೆ ಇದು. ಆದರೆ ಇದು ಮೇಲಿನದ್ದೋ ಒಳಗಿನದ್ದೋ ಅಂತ ತೀರ್ಮಾನಿಸುವವರು ಯಂತ್ರ ಇಟ್ಟ ಡಾಕ್ಟರೇ ಆಗಿರಲಿ. ಫೋಟೋ ಕಳಿಸಿ ಕೇಳುವುದಲ್ಲ, ಹೋಗಿ ಕೈಯಲ್ಲಿ ಮುಟ್ಟಿಸಿ ನೋಡಿಸುವುದು.

ಜಾಗ ಚೆನ್ನಾಗಿದೆ, ಜ್ವರ ಮಾತ್ರ ಇದೆ

ಕಷ್ಟದ ಗಿರಾಕಿ ಇದು. ಸೋಂಕು ಲೀಡಿನ ಮೇಲಿದ್ದು ಪಾಕೆಟ್ ನೋಡಲು ಪೂರ್ತಿ ಸರಿ ಇರಬಹುದು. ನಮ್ಮಲ್ಲಿ ಜ್ವರಕ್ಕೆ ಬೇರೆ ಕಾರಣಗಳಿಗೇನೂ ಬರವಿಲ್ಲ. ಮಳೆಗಾಲದಲ್ಲಿ ಡೆಂಗಿ, ವರ್ಷವಿಡೀ ಟೈಫಾಯ್ಡ್, ಮೂತ್ರದ ಸೋಂಕು. ಪೇಸ್‌ಮೇಕರ್ ಇದ್ದವರಿಗೆ ಇವೆಲ್ಲ ಬರಬಾರದು ಅಂತೇನೂ ಇಲ್ಲ. ಹಾಗಾಗಿ ಪ್ರತಿ ಜ್ವರಕ್ಕೂ ಯಂತ್ರವನ್ನು ದೂರಬೇಕಿಲ್ಲ. ಜ್ವರದ ನಡವಳಿಕೆ ನೋಡಬೇಕು.

ಅನುಮಾನ ಬರಬೇಕಾದ ಜ್ವರ ಹೀಗಿರುತ್ತದೆ. ಚಳಿ ನಡುಕದಿಂದ ಶುರು. ಮಾತ್ರೆ ತೆಗೆದುಕೊಂಡಷ್ಟು ದಿನ ಇಲ್ಲ, ಬಿಟ್ಟ ವಾರದಲ್ಲಿ ಮತ್ತೆ. ಪ್ರತಿ ಸಲ ಬೇರೆ ಬೇರೆ ಡಾಕ್ಟರು, ಬೇರೆ ಬೇರೆ ಹೆಸರು: ವೈರಲ್, ವಿಡಾಲ್ (ಟೈಫಾಯ್ಡ್ ಪರೀಕ್ಷೆ) ಪಾಸಿಟಿವ್, ಎದೆ ಕಫ. ನಡುವೆ ಹಸಿವಿಲ್ಲ, ತೂಕ ಇಳಿದಿದೆ. ವಯಸ್ಸಾದವರಲ್ಲಿ, ಕಿಡ್ನಿ ಕೆಟ್ಟವರಲ್ಲಿ ಜ್ವರವೇ ಇಲ್ಲದೆ ಬರೀ ಸುಸ್ತು, ತಲೆ ಮಂಕಾಗುವುದು ಇರಬಹುದು.

ಎದೆಯ ಎಕ್ಸ್‌ರೇಯಲ್ಲಿ "ನ್ಯುಮೋನಿಯಾ" ಅಂದವರ ಹಳೆಯ ಫಿಲ್ಮುಗಳನ್ನೂ ತರಿಸಿ ನೋಡಿ. ಲೀಡುಗಳು ಇರುವುದು ಹೃದಯದ ಬಲಭಾಗದಲ್ಲಿ. ಅಲ್ಲಿಂದ ಕಿತ್ತು ಹೋದ ಸೋಂಕಿನ ಚೂರು ಸೀದಾ ಶ್ವಾಸಕೋಶಕ್ಕೇ ಹೋಗಬೇಕು. ಒಂದು ಸಲ ಎಡಗಡೆ ಮಚ್ಚೆ, ಇನ್ನೊಂದು ಸಲ ಬಲಗಡೆ ಎರಡು ಮಚ್ಚೆ, ಹೀಗೆ ಜಾಗ ಬದಲಿಸುವ ನ್ಯುಮೋನಿಯಾ ಇದ್ದು ಪೇಸ್‌ಮೇಕರೂ ಇದ್ದರೆ ಕಫದ ಪರೀಕ್ಷೆಗಿಂತ ಮೊದಲು ಲೀಡಿನ ಕಡೆ ನೋಡಬೇಕು.

ಇನ್ನೊಂದು ಮಾತು. ಯಂತ್ರ ಇಟ್ಟು ವರ್ಷಗಳಾಗಿವೆ, ಈಗೆಲ್ಲಿಂದ ಸೋಂಕು ಅನ್ನುವ ವಾದ ನಿಲ್ಲುವುದಿಲ್ಲ. ರಕ್ತದ ದಾರಿಯಲ್ಲಿ ಬರುವ ಸೋಂಕಿಗೆ ವಾಯಿದೆ ಇಲ್ಲ.

ಬ್ಲಡ್ ಕಲ್ಚರ್

ರಕ್ತವನ್ನು ಬಾಟಲಿಗೆ ತುಂಬಿ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ ಇದು. ಇಡೀ ಪತ್ತೆ ಕೆಲಸದಲ್ಲಿ ಅತಿ ಅಗ್ಗದ್ದೂ ಇದೇ, ಅತಿ ಹೆಚ್ಚು ಕೆಡಿಸುವುದೂ ಇದನ್ನೇ. ಆಂಟಿಬಯಾಟಿಕ್‌ನ ಮೊದಲ ಡೋಸ್ ಒಳಗೆ ಹೋಗುವ ಮುನ್ನ ರಕ್ತ ತೆಗೆಯಬೇಕು. ಕನಿಷ್ಠ ಎರಡು ಸೆಟ್ (ಒಂದು ಸಲ ಚುಚ್ಚಿ ತುಂಬಿಸಿದ ಬಾಟಲಿಗಳು ಒಂದು ಸೆಟ್). 2023ರ ಯುರೋಪಿಯನ್ ಹೃದ್ರೋಗ ಮಾರ್ಗಸೂಚಿ ಹೃದಯದೊಳಗಿನ ಸೋಂಕಿನ ಅನುಮಾನಕ್ಕೆ ಮೂರು ಸೆಟ್ ಕೇಳುತ್ತದೆ, ಅರ್ಧ ಗಂಟೆ ಅಂತರದಲ್ಲಿ. ಪ್ರತಿ ಸಲ ಹೊಸದಾಗಿ ಚುಚ್ಚಬೇಕು. ಮೊದಲೇ ಕೈಯಲ್ಲಿರುವ ಡ್ರಿಪ್ ಲೈನಿನಿಂದ ಎಳೆದದ್ದು ಲೆಕ್ಕಕ್ಕಿಲ್ಲ, ಏಕೆಂದರೆ ಆ ಲೈನಿನ ಮೇಲಿನ ಬ್ಯಾಕ್ಟೀರಿಯಾವೇ ಬೆಳೆದು ದಾರಿ ತಪ್ಪಿಸುತ್ತದೆ. ಒಂದು ಬಾಟಲಿಗೆ ಹೆಚ್ಚುಕಡಿಮೆ 10 ಮಿಲಿ. ಎರಡು ಮಿಲಿ ಹಾಕಿ ಕಳಿಸಿದ ಬಾಟಲಿಯಲ್ಲಿ ಏನೂ ಬೆಳೆಯದಿದ್ದರೆ ಅದಕ್ಕೆ "ಸೋಂಕಿಲ್ಲ" ಅಂತ ಅರ್ಥ ಅಲ್ಲ. ರಕ್ತ ಸಾಲಲಿಲ್ಲ ಅಂತಷ್ಟೇ.

ಚಳಿ ಬಂದಾಗಲೇ ತೆಗೆಯಬೇಕು ಅಂತ ಕಾಯಬೇಡಿ. ಲೀಡಿನ ಮೇಲೆ ಸೋಂಕಿದ್ದರೆ ರಕ್ತಕ್ಕೆ ಬ್ಯಾಕ್ಟೀರಿಯಾ ಎಡೆಬಿಡದೆ ಬೀಳುತ್ತಿರುತ್ತದೆ.

ಮನೆಯವರಿಗೆ ಒಂದು ಸಲಹೆ. "ಸಿಸ್ಟರ್, ಇವರಿಗೆ ಪೇಸ್‌ಮೇಕರ್ ಇದೆ. ಇಂಜೆಕ್ಷನ್ ಹಾಕುವ ಮೊದಲು ಬ್ಲಡ್ ಕಲ್ಚರ್ ತೆಗೀತೀರಾ?" ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ತಾವೇ ಕೇಳಿ ಮಾತ್ರೆ ತಂದು ನುಂಗಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಖಾಲಿ ಸ್ಟ್ರಿಪ್ ಜೇಬಿನಲ್ಲಿಟ್ಟುಕೊಂಡು ಹೋದರೆ ಇನ್ನೂ ಒಳ್ಳೆಯದು. ಬಿಪಿ ಬಿದ್ದು ಹೋಗಿದೆ, ಪ್ರಜ್ಞೆ ತಪ್ಪುತ್ತಿದೆ ಅನ್ನುವಂಥ ಸ್ಥಿತಿಯಲ್ಲಿ ಮಾತ್ರ ಅರ್ಧ ಗಂಟೆಯ ಅಂತರ ನೋಡುತ್ತಾ ಕೂರುವಂತಿಲ್ಲ. ಬಾಟಲಿ ಬೇಗ ಬೇಗ ತುಂಬಿಸಿ ಔಷಧಿ ಶುರು ಮಾಡುತ್ತಾರೆ.

ರಿಪೋರ್ಟ್ ಬಂದ ಮೇಲೆ ಓದುವುದು ಹೇಗೆ? ಸ್ಟ್ಯಾಫಿಲೊಕಾಕಸ್ ಆರಿಯಸ್ ಒಂದೇ ಬಾಟಲಿಯಲ್ಲಿ ಬಂದರೂ ಹಗುರವಾಗಿ ತಗೋಬಾರದು. ಪಾಕೆಟ್ ಚೆನ್ನಾಗಿದ್ದರೂ ಯಂತ್ರಕ್ಕೆ ಸೋಂಕು ತಗುಲಿರುವ ಸಾಧ್ಯತೆ ಜಾಸ್ತಿ. ಎಪಿಡರ್ಮಿಡಿಸ್ ಬಂದರೆ ಜಗಳ ಶುರು. ಅದು ಚರ್ಮದಿಂದ ಬಾಟಲಿಗೆ ಸೇರಿದ ಕಸವೂ ಆಗಿರಬಹುದು. ಮೂರು ಸೆಟ್ಟಿನಲ್ಲಿ ಒಂದರಲ್ಲಿ ಮಾತ್ರ, ಅದೂ ತಡವಾಗಿ ಬೆಳೆದರೆ ಬಹುಶಃ ಕಸ. ಎರಡು ಮೂರರಲ್ಲಿ ಅದೇ ಬಂದರೆ ನಿಜ. ಒಂದೇ ಸೆಟ್ ತೆಗೆದಿದ್ದರೆ ಈ ಜಗಳ ತೀರುವುದೇ ಇಲ್ಲ. ಪೇಸ್‌ಮೇಕರ್ ಇದ್ದವರ ರಿಪೋರ್ಟಿನಲ್ಲಿ "ಚರ್ಮದ ಬ್ಯಾಕ್ಟೀರಿಯಾ, ಪರವಾಗಿಲ್ಲ" ಅಂತ ಷರಾ ಬರೆದು ಕಳಿಸುವ ಮುನ್ನ ಇನ್ನೊಂದು ಸಲ ತೆಗೆಸುವುದು ಸರಿಯಾದ ಕ್ರಮ.

ಇ-ಕೋಲಿಯಂಥದ್ದು ಬಂದರೆ ಮೊದಲು ಮೂತ್ರ, ಪಿತ್ತಕೋಶದ ಕಡೆ ನೋಡುತ್ತಾರೆ. ಇವು ಲೀಡಿಗೆ ಅಂಟುವುದು ಅಪರೂಪ. ಸರಿಯಾದ ಔಷಧಿ ಕೊಟ್ಟ ಮೇಲೂ ಅದೇ ಮತ್ತೆ ಬಂದರೆ ಮಾತ್ರ ಲೀಡಿನತ್ತ ತಿರುಗಬೇಕು.

ಕೀವು ಇದೆ, ಏನೂ ಬೆಳೆಯುತ್ತಿಲ್ಲ

ಪಾಕೆಟ್ಟಿನಲ್ಲಿ ಕಣ್ಣಿಗೆ ಕಾಣುವಷ್ಟು ಕೀವು, ಕಲ್ಚರ್ ಮಾತ್ರ ಖಾಲಿ. ಮುಖ್ಯ ಕಾರಣ ಮೊದಲೇ ನುಂಗಿದ ಆಂಟಿಬಯಾಟಿಕ್. ಎರಡನೆಯದು ನಮ್ಮ ದೇಶದಲ್ಲಿ ಸದಾ ನೆನಪಿಡಬೇಕಾದದ್ದು: ಮೈಕೋಬ್ಯಾಕ್ಟೀರಿಯಾ. ಕ್ಷಯದ ಬ್ಯಾಕ್ಟೀರಿಯಾ ಪಾಕೆಟ್ಟಿನಲ್ಲಿ ಕೂತ ಪ್ರಕರಣಗಳಿವೆ. ಅದಕ್ಕಿಂತ ಅದರ ದಾಯಾದಿಗಳದ್ದು ಹೆಚ್ಚಿನ ಕಾಟ: ನೀರಿನಲ್ಲಿ, ಮಣ್ಣಿನಲ್ಲಿ ಇರುವ ಫಾರ್ಚುಯಿಟಮ್, ಅಬ್ಸೆಸಸ್ ಅನ್ನುವ ಜಾತಿಗಳು. ಮಾಮೂಲಿ ಕಲ್ಚರ್ ತಟ್ಟೆಯನ್ನು ಎರಡು ದಿನಕ್ಕೆ ಎತ್ತಿ ಬಿಸಾಡಿದರೆ ಇವು ಸಿಗುವುದಿಲ್ಲ. ಮಾಮೂಲಿ ಆಂಟಿಬಯಾಟಿಕ್ಕಿಗೂ ಬಗ್ಗುವುದಿಲ್ಲ. ನೋವು ಕಡಿಮೆ, ಜ್ವರ ಇಲ್ಲ, ವಾರಗಟ್ಟಲೆ ಸಣ್ಣಗೆ ಸೋರುತ್ತಲೇ ಇರುವ ಗಾಯ ಅಂದರೆ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಲ್ಯಾಬಿನ ಚೀಟಿಯ ಮೇಲೆ "ಪೇಸ್‌ಮೇಕರ್ ಪಾಕೆಟ್, ಎಎಫ್‌ಬಿ ಮತ್ತು ಫಂಗಸ್ ಕಲ್ಚರ್ ಬೇಕು, ತಟ್ಟೆ ಜಾಸ್ತಿ ದಿನ ಇಡಿ" ಅಂತ ಬರೆಯಬೇಕು, ಎಎಫ್‌ಬಿ ಅಂದರೆ ಈ ಮೈಕೋಬ್ಯಾಕ್ಟೀರಿಯಾ ಹುಡುಕುವ ಪರೀಕ್ಷೆ. ಬರೆಯದಿದ್ದರೆ ಲ್ಯಾಬಿನವರಿಗೆ ಕನಸು ಬೀಳುವುದಿಲ್ಲ.

ಸ್ಯಾಂಪಲ್ ಅಂದರೆ ಹತ್ತಿ ಕಡ್ಡಿಯಲ್ಲಿ ಮೇಲಿನಿಂದ ಒರೆಸಿದ್ದಲ್ಲ. ಯಂತ್ರ ತೆಗೆಯುವಾಗ ಪಾಕೆಟ್ಟಿನ ಒಳಗಿನ ಅಂಗಾಂಶದ ತುಂಡು ಮತ್ತು ಲೀಡಿನ ತುದಿ ಕಳಿಸಬೇಕು.

ಎಕೋ, ಪೆಟ್ ಸ್ಕ್ಯಾನ್ ಮತ್ತು ನಮ್ಮ ಪ್ರೋಗ್ರಾಮರ್

ಎದೆಯ ಮೇಲೆ ಇಟ್ಟು ಮಾಡುವ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಲೀಡಿನ ಮೇಲಿನ ಸೋಂಕಿನ ಗಂಟು ತಪ್ಪಿ ಹೋಗುವುದು ಜಾಸ್ತಿ. ಕಲ್ಚರ್ ಪಾಸಿಟಿವ್ ಬಂದವರಿಗೆ, ಅಥವಾ ಮೊದಲೇ ಮಾತ್ರೆ ತಿಂದು ಕಲ್ಚರ್ ಕೆಡಿಸಿಕೊಂಡವರಿಗೆ ಗಂಟಲಿನ ಮೂಲಕ ಮಾಡುವ ಎಕೋ ಬೇಕು. ಟಿಇಇ ಅಂತ ಚೀಟಿಯಲ್ಲಿ ಬರೆದಿರುತ್ತಾರೆ. ಹೊಟ್ಟೆ ಖಾಲಿ ಇರಬೇಕು, ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ಮೊದಲೇ ತೆಗೆದಿಡಬೇಕು. ಕವಾಟಕ್ಕೂ ಸೋಂಕು ಹಬ್ಬಿದೆಯೋ ಇಲ್ಲವೋ ಅನ್ನುವುದೂ ಇದರಲ್ಲೇ ಚೆನ್ನಾಗಿ ಗೊತ್ತಾಗುವುದು.

ಎರಡೂ ಕಡೆ ಮೋಸ ಇದೆ. ಗಂಟು ಕಾಣದಿದ್ದ ಮಾತ್ರಕ್ಕೆ ಸೋಂಕಿಲ್ಲ ಅನ್ನುವಂತಿಲ್ಲ. ಲೀಡಿನ ಮೇಲೆ ಎಳೆಯಂಥದ್ದೇನೋ ಕಂಡ ಮಾತ್ರಕ್ಕೆ ಸೋಂಕೂ ಅಲ್ಲ, ಎಷ್ಟೋ ಆರೋಗ್ಯವಂತರ ಲೀಡಿನ ಮೇಲೂ ಹೆಪ್ಪುಗಟ್ಟಿದ ರಕ್ತದ ಎಳೆ ಇರುತ್ತದೆ. ಅದಕ್ಕೇ ಎಕೋವನ್ನು ಕಲ್ಚರಿನ ಜೊತೆ ಇಟ್ಟು ಓದಬೇಕು.

ಇಷ್ಟಾದರೂ ಅನುಮಾನ ಉಳಿದರೆ ಎಫ್‌ಡಿಜಿ ಪೆಟ್ ಸ್ಕ್ಯಾನ್. ಸೋಂಕಿರುವ ಜಾಗ ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುತ್ತದೆ, ಚಿತ್ರದಲ್ಲಿ ಹೊಳೆಯುತ್ತದೆ. ಪಾಕೆಟ್ ಸೋಂಕಿಗೆ ಒಳ್ಳೆಯ ಸಾಧನ. ದುಬಾರಿ, ದೊಡ್ಡ ಊರುಗಳಲ್ಲೇ ಸಿಗುವುದು. ಆಪರೇಷನ್ ಆದ ಮೊದಲ ಕೆಲವು ವಾರ ಮಾಡಿಸಿದರೆ ಗಾಯ ಮಾಯುವುದೇ ಹೊಳೆದು ಸುಳ್ಳು ಹೇಳಬಹುದು.

ನಮ್ಮ ಪ್ರೋಗ್ರಾಮರ್, ಅಂದರೆ ಪೇಸ್‌ಮೇಕರ್ ತಪಾಸಣೆ ಮಾಡುವ ಯಂತ್ರದ ಬಗ್ಗೆ ಎರಡು ಮಾತು. ಎದೆಯ ಮೇಲೆ ವಾಂಡ್ ಇಟ್ಟು ನಾವು ನೋಡುವುದು ಬ್ಯಾಟರಿ, ಲೀಡಿನ ಇಂಪೀಡೆನ್ಸ್ (ವಿದ್ಯುತ್ ತಡೆ), ಎಷ್ಟು ಬಡಿತ ಯಂತ್ರದಿಂದ ಬರುತ್ತಿದೆ, ಇಂಥವನ್ನು. ಬ್ಯಾಕ್ಟೀರಿಯಾ ಅದರಲ್ಲಿ ಕಾಣುವುದಿಲ್ಲ. "ಚೆಕ್ ಮಾಡಿಸಿದೆವು, ಮಿಷನ್ ಪರ್ಫೆಕ್ಟ್ ಅಂದರು" ಅನ್ನುವುದು ಸೋಂಕಿಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ. ಸಿಆರ್‌ಪಿ ಅನ್ನುವ ಉರಿಯೂತದ ರಕ್ತ ಪರೀಕ್ಷೆ, ಬಿಳಿ ರಕ್ತಕಣದ ಲೆಕ್ಕಗಳೂ ಅಷ್ಟೇ. ಪಾಕೆಟ್ಟಿನಲ್ಲಿ ಮಾತ್ರ ಇರುವ ಸೋಂಕಿನಲ್ಲಿ ಅವು ನಾರ್ಮಲ್ ಇರಬಹುದು. ಪ್ರೋಗ್ರಾಮರ್ ಬೇಕಾಗುವುದು ಮುಂದಿನ ಹೆಜ್ಜೆಗೆ, ಯಂತ್ರ ನಿಂತರೆ ಈ ಮನುಷ್ಯನ ಹೃದಯ ತಾನಾಗಿ ಬಡಿಯುತ್ತದಾ ಅಂತ ತಿಳಿಯಲು.

ಸೋಂಕು ಖಾತ್ರಿಯಾದರೆ

ಡಬ್ಬಿ ಮತ್ತು ಲೀಡು ಎರಡನ್ನೂ ಪೂರ್ತಿ ಹೊರಗೆ ತೆಗೆಯಬೇಕು. ಬರೀ ಪಾಕೆಟ್ ಸೋಂಕಾದರೂ ಇದೇ, ಲೀಡಿನ ಸೋಂಕಾದರೂ ಇದೇ. ಅಮೆರಿಕದ ಮಾರ್ಗಸೂಚಿಯಾಗಲಿ ಯುರೋಪಿನದ್ದಾಗಲಿ ಈ ವಿಷಯದಲ್ಲಿ ಭಿನ್ನಾಭಿಪ್ರಾಯ ಇಲ್ಲ. ಪಾಕೆಟ್ ತೊಳೆದು ಅದೇ ಡಬ್ಬಿ ಕೂರಿಸುವುದು, ಡಬ್ಬಿಯನ್ನು ಇನ್ನಷ್ಟು ಆಳಕ್ಕೆ ಹೂಳುವುದು, ಡಬ್ಬಿ ತೆಗೆದು ಲೀಡನ್ನು ಕತ್ತರಿಸಿ ಒಳಗೇ ಬಿಡುವುದು, ಇವೆಲ್ಲ ಖರ್ಚು ಉಳಿಸುವ ಆಸೆಗೆ ನಡೆಯುತ್ತವೆ. ಕತ್ತರಿಸಿದ ಲೀಡು ಒಳಗೆ ಸರಿದು ಹೋದರೆ ಮುಂದೆ ತೆಗೆಯುವವರಿಗೆ ಹಿಡಿಯಲು ತುದಿಯೂ ಸಿಗುವುದಿಲ್ಲ.

ಗೊತ್ತಿದ್ದೂ ಮಾಡದಿರುವುದು ನಮ್ಮಲ್ಲಿ ಮಾತ್ರ ಅಲ್ಲ. 2023ರಲ್ಲಿ ಪ್ರಕಟವಾದ, ಅಮೆರಿಕದ ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ದಾಖಲೆಗಳ ಅಧ್ಯಯನದಲ್ಲಿ ಯಂತ್ರಕ್ಕೆ ಸೋಂಕು ತಗುಲಿದ ಐವರಲ್ಲಿ ಒಬ್ಬರಿಗೂ ಪೂರ್ತಿ ತೆಗೆಯುವ ಚಿಕಿತ್ಸೆ ಆಗಿರಲಿಲ್ಲ. ಮೊದಲ ಆರು ದಿನದೊಳಗೆ ತೆಗೆಸಿಕೊಂಡವರಲ್ಲಿ ಸಾವು ಸ್ಪಷ್ಟವಾಗಿ ಕಡಿಮೆ ಇತ್ತು. "ಮೊದಲು ಸ್ವಲ್ಪ ದಿನ ಇಂಜೆಕ್ಷನ್ ಕೊಟ್ಟು ನೋಡೋಣ" ಅನ್ನುವ ಮಾತು ಕೇಳಿದಾಗ ನನಗೆ ಈ ಲೆಕ್ಕವೇ ನೆನಪಾಗುವುದು.

ಭಯ ಇರುವುದೂ ಸುಳ್ಳಲ್ಲ. ಲೀಡು ಇಟ್ಟು ವರ್ಷ ಕಳೆದರೆ ಅದು ರಕ್ತನಾಳದ ಗೋಡೆಗೆ, ಹೃದಯದ ಗೋಡೆಗೆ ಅಂಟಿ ಗಟ್ಟಿಯಾಗುತ್ತದೆ. ಬರಿಗೈಯಲ್ಲಿ ಎಳೆದರೆ ಬರುವುದಿಲ್ಲ. ಲೇಸರ್ ಇಲ್ಲವೇ ತಿರುಗುವ ತುದಿಯ ಕೊಳವೆ ತೂರಿಸಿ ಬಿಡಿಸುತ್ತಾ ಬರಬೇಕು. ದೊಡ್ಡ ರಕ್ತನಾಳ ಹರಿದರೆ ನಿಮಿಷಗಳಲ್ಲಿ ಎದೆ ತೆರೆಯಬೇಕು. ಹಾಗಾಗಿ ಇದು ಅನುಭವ ಇರುವ, ಹೃದಯದ ಸರ್ಜನ್ ಪಕ್ಕದಲ್ಲೇ ಸಿದ್ಧವಾಗಿರುವ ಆಸ್ಪತ್ರೆಯಲ್ಲೇ ಆಗಬೇಕು. ಅಂಥಲ್ಲಿ ಅಪಾಯ ಎಷ್ಟು? ಯುರೋಪಿನ ಎಲೆಕ್ಟ್ರಾ ನೋಂದಣಿಯಲ್ಲಿ 3,500ಕ್ಕೂ ಹೆಚ್ಚು ರೋಗಿಗಳ ಲೆಕ್ಕ ಇದೆ. ಲೀಡು ತೆಗೆಯುವ ಕೆಲಸದಿಂದಲೇ ಗಂಭೀರ ತೊಂದರೆ ಆದದ್ದು ಶೇ 1.7, ಸಾವು ಶೇ 0.5. ಬಿಟ್ಟರೆ ಆಗುವ ಅಪಾಯ ಇದಕ್ಕಿಂತ ಬಹಳ ದೊಡ್ಡದು. "ನಿಮ್ಮಲ್ಲಿ ಲೀಡ್ ಎಕ್ಸ್‌ಟ್ರಾಕ್ಷನ್ ಮಾಡ್ತೀರಾ, ಸರ್ಜನ್ ಜೊತೆಗಿರ್ತಾರಾ?" ಅಂತ ನೇರವಾಗಿ ಕೇಳಿ. ಇಲ್ಲ ಅಂದರೆ ಮಾಡುವ ಕಡೆಗೆ ಬರೆಸಿಕೊಂಡು ಹೊರಡಿ.

ಆಮೇಲಿನ ಔಷಧಿ ಎಷ್ಟು ದಿನ ಅನ್ನುವುದು ಸೋಂಕು ಎಲ್ಲಿತ್ತು ಅನ್ನುವುದರ ಮೇಲೆ. ಪಾಕೆಟ್ ಮಾತ್ರ ಆಗಿದ್ದರೆ ತೆಗೆದ ಮೇಲೆ ಸುಮಾರು ಎರಡು ವಾರ. ಲೀಡಿನ ಮೇಲೆ ಗಂಟು, ಕವಾಟದ ಸೋಂಕು ಇದ್ದರೆ ನಾಲ್ಕರಿಂದ ಆರು ವಾರ ಇಂಜೆಕ್ಷನ್. ಮೈಕೋಬ್ಯಾಕ್ಟೀರಿಯಾ ಆದರೆ ತಿಂಗಳುಗಳ ಮಾತು.

ಹೊಸ ಯಂತ್ರ ತಕ್ಷಣ ಇಡುವುದಿಲ್ಲ. ಹಳೆಯದು ತೆಗೆದ ಮೇಲಿನ ಬ್ಲಡ್ ಕಲ್ಚರ್ ಕನಿಷ್ಠ 72 ಗಂಟೆ ಖಾಲಿ ಬರಬೇಕು, ಆಮೇಲೆ ಇನ್ನೊಂದು ಬದಿಯ ಎದೆಯಲ್ಲಿ. ಯಂತ್ರವಿಲ್ಲದೆ ಹೃದಯ ಬಡಿಯದವರಿಗೆ ಅಲ್ಲಿಯವರೆಗೆ ಕುತ್ತಿಗೆಯಿಂದ ತಾತ್ಕಾಲಿಕ ಲೀಡು ಹಾಕಿ ಪೇಸ್‌ಮೇಕರನ್ನು ಚರ್ಮದ ಹೊರಗೆ ಅಂಟಿಸಿಡುತ್ತಾರೆ. ನೋಡಲು ವಿಚಿತ್ರ, ಆದರೆ ರೋಗಿ ಎದ್ದು ಓಡಾಡಬಹುದು. ಈ ಹೊತ್ತಿನಲ್ಲಿ ಡಾಕ್ಟರಿಗೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ನಿಜಕ್ಕೂ ಮತ್ತೆ ಯಂತ್ರ ಬೇಕಾ? ಕೆಲವರಿಗೆ ಬೇಡವಾಗಿರುತ್ತದೆ. ಬೇಕಾದವರಲ್ಲೂ ಕೆಲವರಿಗೆ ಪಾಕೆಟ್ಟೇ ಇಲ್ಲದ, ನೇರ ಹೃದಯದೊಳಗೆ ಕೂರುವ ಲೀಡ್‌ರಹಿತ ಪೇಸ್‌ಮೇಕರ್ ಹೊಂದಬಹುದು.

ಬ್ಯಾಟರಿ ಬದಲಾಯಿಸುವ ಮುಂಚೆ

ಮೊದಲ ಸಲ ಇಡುವಾಗಿನದಕ್ಕಿಂತ ಎರಡನೇ ಸಲ ಪಾಕೆಟ್ ತೆರೆದಾಗ ಸೋಂಕಿನ ಅಪಾಯ ಜಾಸ್ತಿ. ಹಳೆಯ ಪಾಕೆಟ್ಟಿನ ಗೋಡೆ ಗಟ್ಟಿಯಾಗಿ ರಕ್ತ ಓಡಾಟ ಕಡಿಮೆ ಇರುತ್ತದೆ. ಬದಲಾವಣೆ ತಪ್ಪಿಸುವಂತಿಲ್ಲ, ಬ್ಯಾಟರಿ ಮುಗಿಯುತ್ತದೆ. 1958ರಲ್ಲಿ ಸ್ವೀಡನ್ನಿನಲ್ಲಿ ಜಗತ್ತಿನ ಮೊದಲ ಪೂರ್ತಿ ಒಳಗಿಡುವ ಪೇಸ್‌ಮೇಕರ್ ಪಡೆದ ಆರ್ನೆ ಲಾರ್ಸನ್ 2001ರವರೆಗೆ ಬದುಕಿದರು, ಅಷ್ಟರಲ್ಲಿ 26 ಪೇಸ್‌ಮೇಕರ್ ಬದಲಾಗಿದ್ದವು. ಈಗ ಒಂದೊಂದು ಎಷ್ಟೋ ವರ್ಷ ಬಾಳುತ್ತದೆ, ನಮ್ಮ ಪುಣ್ಯ.

ಹಾಗಾಗಿ ಮುಂಚಿನ ದಿನವೇ ನೋಡಿಕೊಳ್ಳುವುದು ಇಷ್ಟು. ಹಿಂದಿನ 24 ಗಂಟೆಯಲ್ಲಿ ಜ್ವರ ಬಂದಿದ್ದರೆ ಹೇಳಿ, ಮುಂದೂಡುತ್ತಾರೆ. ಸಕ್ಕರೆ ಹತೋಟಿಯಲ್ಲಿರಲಿ. ರಕ್ತ ತೆಳುವಾಗುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ತಾವೇ ನಿಲ್ಲಿಸಬೇಡಿ. ಅದನ್ನು ನಿಲ್ಲಿಸಿ ಅದೇ ಬಗೆಯ ಕೆಲಸದ ಹೆಪರಿನ್ ಇಂಜೆಕ್ಷನ್ ಚುಚ್ಚುವುದರಿಂದ ಪಾಕೆಟ್ಟಿನಲ್ಲಿ ರಕ್ತ ತುಂಬುವುದು ಹೆಚ್ಚು ಅಂತ ಬ್ರೂಸ್ ಕಂಟ್ರೋಲ್ 2013ರಲ್ಲೇ ತೋರಿಸಿತು: ಮುಂದುವರಿಸಿದವರಲ್ಲಿ ಶೇ 3.5, ಹೆಪರಿನ್‌ನವರಲ್ಲಿ ಶೇ 16. ಚರ್ಮ ಕೊಯ್ಯುವ ಮೊದಲು ಒಂದು ಗಂಟೆಯೊಳಗೆ ಸೆಫಜೋಲಿನ್‌ನಂಥ ಆಂಟಿಬಯಾಟಿಕ್ ಹೋಗಬೇಕು, ಇದು ಕಡ್ಡಾಯ. ಆಪರೇಷನ್ ಆದ ಮೇಲೆ ದಿನಗಟ್ಟಲೆ ಮಾತ್ರೆ ಕೊಡುವ ಅಭ್ಯಾಸದ ಬಗ್ಗೆ ನನಗೆ ಅಷ್ಟು ಗೌರವ ಇಲ್ಲ. 19,603 ಜನರ ಪ್ಯಾಡಿಟ್ ಅಧ್ಯಯನದಲ್ಲಿ ಮುಂಚೆ ಇನ್ನೊಂದು ಆಂಟಿಬಯಾಟಿಕ್, ಪಾಕೆಟ್ ತೊಳೆಯುವ ಔಷಧಿ, ಆಮೇಲೆ ಎರಡು ದಿನದ ಮಾತ್ರೆ, ಇಷ್ಟೆಲ್ಲ ಸೇರಿಸಿದರೂ ಒಂದೇ ಡೋಸಿಗಿಂತ ಖಚಿತವಾದ ಲಾಭ ಕಾಣಲಿಲ್ಲ. ಅಪಾಯ ಜಾಸ್ತಿ ಇರುವವರಿಗೆ ಆಂಟಿಬಯಾಟಿಕ್ ತುಂಬಿದ ಕರಗುವ ಜಾಲರಿ ಚೀಲದಲ್ಲಿ ಡಬ್ಬಿ ಇಡುವ ಕ್ರಮ ಇದೆ. 2019ರ ರ‍್ಯಾಪ್-ಇಟ್ ಅಧ್ಯಯನದಲ್ಲಿ ಅದು ವರ್ಷದೊಳಗಿನ ಗಂಭೀರ ಸೋಂಕನ್ನು ಶೇ 1.2ರಿಂದ 0.7ಕ್ಕೆ ಇಳಿಸಿತು. ಬೆಲೆ ಕೇಳಿ ತೀರ್ಮಾನಿಸಿ.

ಹಲ್ಲು ಕೀಳಿಸುವ ಮುಂಚೆ ಆಂಟಿಬಯಾಟಿಕ್ ಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಬರೀ ಪೇಸ್‌ಮೇಕರ್ ಇದೆ ಅನ್ನುವ ಕಾರಣಕ್ಕೆ ಬೇಡ. ಕೃತಕ ಕವಾಟ ಕೂಡ ಇದ್ದರೆ, ಹಿಂದೆ ಹೃದಯದೊಳಗೆ ಸೋಂಕಾಗಿದ್ದರೆ ಬೇಕು. ಹಲ್ಲಿನ ಡಾಕ್ಟರಿಗೆ ಯಂತ್ರದ ಕಾರ್ಡ್ ತೋರಿಸುವಾಗ ಅದನ್ನೂ ಹೇಳಿ.